ಮಗಳಿಗೆ ಬಾರದ ಜ್ವರ

೧೯೯೭ರ ನವರಾತ್ರಿ. ಆಗ ನಾವು ಅಮೆರಿಕದ ವರ್ಜೀನಿಯಾದಲ್ಲಿ, ಹರ್ನ್‌ಡನ್ ಎಂಬ ಊರಿನಲ್ಲಿದ್ದೆವು. ನನ್ನವರಿಗೆ ವಿಮಾನ ನಿಲ್ದಾಣದ ಹತ್ತಿರದ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಮಗಳು ಮೇಘನಾಳಿಗೆ ಹನ್ನೊಂದು ವರ್ಷ. ಮೈಸೂರಿನಿಂದ ನನ್ನ ಅತ್ತೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಆ ಹಬ್ಬದಲ್ಲಿ ನಾನೊಂದು ಸುಳ್ಳು ಹೇಳಿದೆ. ಅದನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ಮೇಘನಾ ಸಾಫ್ಟ್‌ಬಾಲ್ ಆಡುತ್ತಿದ್ದಳು. ಹೆಣ್ಣುಮಕ್ಕಳ ಬೇಸ್‌ಬಾಲ್ ಎನ್ನಿ. ಹೆಸರಿಗೆ ಸಾಫ್ಟ್, ಚೆಂಡು ಮಾತ್ರ ಮೊಣಕಾಲಿಗೆ ಬಡಿದರೆ ವಾರ ಕುಂಟಬೇಕು. ಊರಿನ ಲೀಗಿನಲ್ಲಿ ಹೆಸರು ಕೊಟ್ಟ ಯಾವ ಮಗು ಬೇಕಾದರೂ ಆಡಬಹುದಿತ್ತು. ಅವಳ ತಂಡದ್ದು ಹಳದಿ ಅಂಗಿ. ಕೋಚ್ ಡಾರ್ಲೀನ್ ಎಂಬ ಐವತ್ತು ದಾಟಿದ ಹೆಂಗಸು. ಬೆಳಿಗ್ಗೆ ಮತ್ತು ಮಧ್ಯಾಹ್ನ ಶಾಲೆಯ ಬಸ್ ಓಡಿಸುತ್ತಿದ್ದಳು, ಸಂಜೆ ನಮ್ಮ ಮಕ್ಕಳನ್ನು ಓಡಿಸುತ್ತಿದ್ದಳು. ಅವಳ ಮಗಳು ದೊಡ್ಡವಳಾಗಿ ಬೇರೆ ಊರು ಸೇರಿ ಎಷ್ಟೋ ವರ್ಷವಾಗಿತ್ತು. ತನ್ನ ಮಗು ತಂಡದಲ್ಲಿಲ್ಲದೆಯೂ ಬಿಸಿಲಲ್ಲಿ ಬಂದು ಕೂಗಾಡುವ ಕೋಚ್ ಆ ಲೀಗಿನಲ್ಲಿ ಅವಳೊಬ್ಬಳೇ.

ಅವಳಿಂದ ನನ್ನ ಮಗಳಿಗೆ ಒಂದು ದೊಡ್ಡ ಉಪಕಾರವಾಗಿತ್ತು. ಮೇಘನಾ ಹುಟ್ಟು ಎಡಚಿ. ನಾನು ಚಿಕ್ಕಂದಿನಿಂದ ಅವಳ ಎಡಗೈ ಮೇಲೆ ಚಟ್ಟನೆ ಒಂದು ಕೊಟ್ಟು, "ಬಲಗೈಲಿ ತಿನ್ನು, ಬಲಗೈಲಿ ಕೊಡು" ಎಂದು ತಿದ್ದುತ್ತಲೇ ಬಂದಿದ್ದೆ. ಚೆಂಡು ಹಿಡಿಯುವ ಗ್ಲೌಸನ್ನು ಎಸೆಯದ ಕೈಗೆ ಹಾಕಿಕೊಳ್ಳುತ್ತಾರೆ. ಅದನ್ನು ಕೊಳ್ಳುವಾಗಲೂ ಬಲಗೈಯಲ್ಲಿ ಎಸೆಯುವವರದ್ದನ್ನೇ ತಂದೆ. ಮಗು ಎಸೆದ ಚೆಂಡು ಎತ್ತೆತ್ತಲೋ ಹೋಗುತ್ತಿತ್ತು. ಮೂರನೆಯ ದಿನ ಡಾರ್ಲೀನ್ ಅವಳ ಕೈಯಿಂದ ಗ್ಲೌಸ್ ಕಳಚಿ, "ಈಗ ಎಸಿ" ಎಂದಳು. ಮೇಘನಾ ನನ್ನ ಕಡೆ ಒಮ್ಮೆ ಹೆದರಿ ನೋಡಿ, ಎಡಗೈಯಲ್ಲಿ ಎಸೆದಳು. ಚೆಂಡು ನೆಟ್ಟಗೆ ಹೋಯಿತು. ಮಾರನೆಯ ದಿನ ಡಾರ್ಲೀನ್ ತನ್ನ ಮಗಳ ಹಳೆಯ ಎಡಚರ ಗ್ಲೌಸ್ ತಂದುಕೊಟ್ಟಳು. ಬಳಸಿ ಬಳಸಿ ಮೆತ್ತಗಾಗಿದ್ದ ಕಂದು ಚರ್ಮ. ಅದನ್ನು ಹಾಕಿಕೊಂಡ ಮೇಲೆ ನನ್ನ ಮಗಳು ಬೇರೆಯೇ ಹುಡುಗಿಯಾದಳು.

ಬೇಸಿಗೆ ಮುಗಿಯುವಾಗ ಟ್ರಾವೆಲ್ ಟೀಮ್‌ನ ಕೋಚ್ ಒಬ್ಬರು ಅವಳ ಆಟ ನೋಡಿ ಕರೆದರು. ಅದು ಆರಿಸಿದ ಮಕ್ಕಳ ತಂಡ. ವಾರಕ್ಕೊಂದು ಊರಿಗೆ ಹೋಗಿ ಆಡುವುದು, ಬೆನ್ನ ಮೇಲೆ ಹೆಸರು ಹೊಲಿದ ಅಂಗಿ, ಎಲ್ಲವೂ ಜೋರು. ನನ್ನವರಿಗೆ ನೆಲವೇ ಕಾಣಲಿಲ್ಲ. ನನಗೂ ಅಷ್ಟೇ, ಸುಳ್ಳೇಕೆ ಹೇಳಲಿ. "ಹಳದಿ ತಂಡವನ್ನು ಬಿಡಲ್ಲ" ಎಂದು ಮೇಘನಾ ಹಟ ಹಿಡಿದಳು. ಸರಿ, ಎರಡನ್ನೂ ಆಡಲಿ ಎಂದುಕೊಂಡೆವು.

ಯಡವಟ್ಟು ಅಲ್ಲಿಂದ ಶುರು. ನನಗೆ ಯಾರ ಮುಖಕ್ಕೂ 'ಇಲ್ಲ' ಎನ್ನಲು ಬಾರದು. ನಮ್ಮ ಕಡೆ ಯಾರಾದರೂ ಕುಂಕುಮಕ್ಕೆ ಕರೆಯಲು ಬಂದರೆ, ಆ ಸಂಜೆ ಇನ್ನೆಲ್ಲಿಗೋ ಹೋಗುವುದಿದ್ದರೂ, "ಅಯ್ಯೋ, ಖಂಡಿತ ಬರ್ತೀವಿ" ಎನ್ನುತ್ತೇವೆ. ಕರೆದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಹೋಗದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ರೂಢಿಯಲ್ಲಿ ನಾನು ಎರಡು ತಂಡದವರಿಗೂ "ಶೂರ್, ಶೂರ್" ಎನ್ನುತ್ತ ಬಂದೆ. ಅಕ್ಟೋಬರಿನ ಒಂದು ಶನಿವಾರ, ಭಾನುವಾರ ನಾರ್ತ್ ಕೆರೊಲೈನಾದ ರಾಲಿಯಲ್ಲಿ ಟೂರ್ನಮೆಂಟ್, ಯಾರೂ ಭಾನುವಾರ ಸಂಜೆಯವರೆಗೆ ಊರಿಗೆ ಹೊರಡುವಂತಿಲ್ಲ ಎಂದರು ಟ್ರಾವೆಲ್ ಕೋಚ್. ಶೂರ್ ಎಂದೆ. ಆಮೇಲೆ ಮಳೆ ಬಂದು ಹಳದಿ ತಂಡದ ಕೊನೆಯ ಆಟ ಅದೇ ಭಾನುವಾರಕ್ಕೆ ಬಿತ್ತು. ಬುಧವಾರ ಡಾರ್ಲೀನ್ ಫೋನ್ ಮಾಡಿದಳು.

"ಭಾನುವಾರ ಮೂರು ಗಂಟೆಗೆ ಆಟ. ಒಬ್ಬಳು ಊರು ಬಿಟ್ಟು ಹೋದಳು, ಇನ್ನೊಬ್ಬಳ ಕೈ ಮುರಿದಿದೆ. ನಿಮ್ಮ ಮಗಳೂ ಸೇರಿ ನನ್ನ ಹತ್ತಿರ ಇರೋದು ಸರಿಯಾಗಿ ಎಂಟು ಜನ. ಏಳೇ ಜನ ಇದ್ದರೆ ಆಡೋಕೆ ಬಿಡೋದಿಲ್ಲ, ಸೋತ ಹಾಗೆ ಬರೆದುಕೊಳ್ತಾರೆ. ಮೆಗ್ ಬರ್ತಾಳೆ ತಾನೆ?"

ಮೇಘನಾ ಅಲ್ಲಿ ಎಲ್ಲರಿಗೂ ಮೆಗ್. ಹಳದಿ ತಂಡ ಆ ವರ್ಷ ಒಂದೇ ಒಂದು ಆಟವನ್ನೂ ಗೆದ್ದಿರಲಿಲ್ಲ. ಇನ್ನು ಕೊನೆಯದನ್ನು ಆಡದೆಯೇ ಸೋಲಬೇಕೆ? "ಬರಕ್ಕಾಗಲ್ಲ" ಎನ್ನುವುದು ಬಾಯಿಯವರೆಗೆ ಬಂತು. ಹೊರಗೆ ಬಂದದ್ದು "ಶೂರ್, ಶೂರ್."

ಶುಕ್ರವಾರ ಆಯುಧಪೂಜೆ. ಬಟ್ಟೆ ಇಡುವ ಗೂಡಿನಲ್ಲಿ ಮಾಡಿಕೊಂಡಿದ್ದ ದೇವರ ಮುಂದೆ ಅತ್ತೆ ನನ್ನ ಹೊಲಿಗೆ ಕತ್ತರಿ, ನನ್ನವರ ಸ್ಕ್ರೂಡ್ರೈವರ್, ಮೇಘನಾಳ ಗ್ಲೌಸ್ ಎಲ್ಲ ಜೋಡಿಸಿದರು.

"ಚರ್ಮದ್ದು, ದೇವರ ಹತ್ರ ಇಡಬಹುದಾ ಅಮ್ಮ?" ಎಂದೆ.

"ಮೃದಂಗ ಇಡಲ್ವಾ? ಅದೇನು ಬಾಳೆಲೇಲಿ ಮಾಡಿರ್ತಾರಾ?" ಎಂದರು ಅತ್ತೆ. ಗ್ಲೌಸಿನ ಅಂಗೈಗೆ ಅರಿಶಿನ, ಕುಂಕುಮ ಹಚ್ಚಿದರು. ಕಾರಿಗೂ ಪೂಜೆಯಾಯಿತು. ನನ್ನವರು ನಾಲ್ಕು ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಿ ಆಫೀಸಿಗೆ ಹೋದರು.

ಮಧ್ಯಾಹ್ನ ಎರಡೂವರೆಗೆ ನಾನು ಡಾರ್ಲೀನಳ ಮನೆಗೆ ಫೋನ್ ಮಾಡಿದೆ. ಆ ಹೊತ್ತಿನಲ್ಲಿ ಅವಳು ಬಸ್ಸಿನಲ್ಲಿರುತ್ತಾಳೆ, ಮಾತನ್ನು ಹಿಡಿದಿಡುವ ಆನ್ಸರಿಂಗ್ ಮಷೀನ್ ಎತ್ತಿಕೊಳ್ಳುತ್ತದೆ ಎಂದು ಗೊತ್ತಿದ್ದೇ ಮಾಡಿದ್ದು. ಮೂರನೆಯ ಕ್ಲಾಸಿನಿಂದ ರಜಾ ಅರ್ಜಿ ಬರೆದ ಕೈ ನನ್ನದು. ಆ ಅರ್ಜಿಯಲ್ಲಿ ಯಾವಾಗಲೂ ಒಂದೇ ಕಾಯಿಲೆ. ಮಷೀನಿಗೂ ಅದನ್ನೇ ಹೇಳಿದೆ. ಮೇಘನಾಳಿಗೆ ಜ್ವರ, ಭಾನುವಾರ ಬರಲಾಗುವುದಿಲ್ಲ, ದಯವಿಟ್ಟು ಕ್ಷಮಿಸಿ. ರಿಸೀವರ್ ಇಟ್ಟು ತಿರುಗಿದರೆ ಹಿಂದೆ ಮಗಳು, ಹೆಗಲ ಮೇಲೆ ಸ್ಕೂಲ್ ಬ್ಯಾಗು. ಅವತ್ತು ಶಾಲೆ ಬೇಗ ಬಿಟ್ಟಿತ್ತು. ನನಗೆ ಮರೆತೇಹೋಗಿತ್ತು.

"ಅಮ್ಮ, ಐ ಡೋಂಟ್ ಹ್ಯಾವ್ ಫೀವರ್" ಎಂದಳು.

"ಸುಮ್ನಿರು, ದೊಡ್ಡೋರ ಮಾತು."

"ಬಟ್ ಕೋಚ್ ಡಾರ್ಲೀನ್ ವಿಲ್ ವರಿ!"

ನಾನು ಕೇಳಿಸದವಳ ಹಾಗೆ ಅವಳ ಆಟದ ಚೀಲ ತುಂಬಿದೆ. ಶೂ, ಹೆಲ್ಮೆಟ್, ಬ್ಯಾಟು, ನೀರಿನ ಬಾಟಲಿ. ಮನಸ್ಸು ಮಾತ್ರ ಆ ಮಷೀನಿನ ಹತ್ತಿರವೇ ಇತ್ತು. ನನ್ನವರು ಬಂದ ಕೂಡಲೇ ಹೊರಟೆವು. ದಾರಿಯಲ್ಲಿ ಮಗಳಿಗೆ ಪುಳಿಯೋಗರೆ ಕೊಟ್ಟರೆ ಕಿಟಕಿಯ ಕಡೆ ತಿರುಗಿಕೊಂಡು ತಿಂದಳು, ಅದೂ ಎಡಗೈಯಲ್ಲಿ. ಆವತ್ತು ನಾನು ತಿದ್ದಲು ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ರಾಲಿಯ ಮೈದಾನದಲ್ಲಿ ಚೀಲ ತೆರೆದರೆ ಗ್ಲೌಸ್ ಇಲ್ಲ! ಎಲ್ಲಿಂದ ಬರಬೇಕು? ಅದು ಹರ್ನ್‌ಡನ್ನಿನಲ್ಲಿ, ದೇವರ ಮುಂದೆ, ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ತೆಗೆಯಬಾರದೆಂದು ಅತ್ತೆಯೂ ಮುಟ್ಟಿರಲಿಲ್ಲ. ಆ ತಂಡದಲ್ಲಿ ಇನ್ನೊಬ್ಬ ಎಡಚಿ ಇರಲಿಲ್ಲ. ನನ್ನವರು ಓಡಿಹೋಗಿ ಅಂಗಡಿಯಿಂದ ಹೊಸದು ತಂದರು. ಅದೋ ಮಣೆಯಂತೆ ಬಿರುಸು, ಮಡಿಚಲೂ ಆಗುತ್ತಿರಲಿಲ್ಲ. ಮೇಘನಾ ಎರಡು ಸುಲಭದ ಚೆಂಡು ಕೈಚೆಲ್ಲಿದಳು. ಕೋಚ್ ಅವಳನ್ನು ಬೆಂಚಿಗೆ ಕಳಿಸಿದರು. ಅವರದೇನೂ ತಪ್ಪಿಲ್ಲ.

ಮಧ್ಯಾಹ್ನ ನಾನು ಪೇ ಫೋನಿನಿಂದ ಮನೆಗೆ ಫೋನ್ ಮಾಡಿದೆ. ಅತ್ತೆ ಬಹಳ ಖುಷಿಯಲ್ಲಿದ್ದರು.

"ಆ ಬಸ್ ಓಡ್ಸೋ ಹೆಂಗಸು ಬಂದಿದ್ಲು ಕಣೇ! ಬೆಳಿಗ್ಗೆ ಒಂದು ಪಾತ್ರೆ ತುಂಬ ಸೂಪು ತಗೊಂಡು ಬಂದ್ಲು. ನಾನು ಅನುಮಾನವಾಗಿ ನೋಡ್ದೆ, ಅವಳೇ 'ನೋ ಚಿಕನ್, ನೋ ಚಿಕನ್' ಅಂತ ಕೈಯಾಡಿಸಿದ್ಲು."

"ಏನು ಕೇಳಿದ್ಲು ಅಮ್ಮ?"

"'ಫೀವರ್, ಫೀವರ್' ಅಂತ ಮೇಘನಾ ಎಲ್ಲಿ ಅಂದ್ಲು. 'ಮೇಘನಾ ರಾಲಿ, ಬಾಲ್' ಅಂದೆ. ಇನ್ನೇನು ಹೇಳ್ಬೇಕಿತ್ತು? ಮಗೂಗೆ ಜ್ವರ ಅಂತ ನೀನೇನು ನಂಗೆ ಹೇಳ್ಕೊಟ್ಟು ಹೋಗಿದ್ಯಾ?"

ಇಷ್ಟರೊಳಗೆ ಅವರಿಗೆ ಎಲ್ಲವೂ ಅರ್ಥವಾಗಿತ್ತು. ಅವರೇ ಮುಂದುವರಿಸಿದರು. "ಹಬ್ಬದ ದಿನ ಮನೆಗೆ ಬಂದ ಮುತ್ತೈದೇನ ಬರಿಗೈಲಿ ಕಳಿಸಕ್ಕಾಗತ್ತಾ? ಒಳಗೆ ಕರ್ದು ಕುಂಕುಮ ಕೊಟ್ಟೆ. ಕಡ್ಲೆಕಾಳು ಉಸ್ಲಿ ತಿಂದ್ಲು. ದೇವರ ಮುಂದೆ ಗ್ಲೌಸ್ ನೋಡ್ಬಿಟ್ಟು ತುಂಬಾ ಹೊತ್ತು ಹಾಗೇ ನಿಂತಿದ್ಲು. ಹೇಗಿದ್ರೂ ಬೆಳಿಗ್ಗೆ ದಶಮಿ ಪೂಜೆ ಆಗಿತ್ತು. ಅವಳು ಕೊಟ್ಟಿದ್ದಲ್ವಾ, ಅವಳೇ ಮಗು ಕೈಗೆ ಕೊಡ್ಲಿ ಅಂತ ತೆಗೆದು ಕೊಟ್ಟೆ. 'ಸಂಡೇ' ಅಂತ ಮೂರು ಬೆರಳು ತೋರಿಸಿ ಹೋದ್ಲು. ಬೈಲಿಲ್ಲ ಕಣೇ. ಬೈದಿದ್ರೆ ಭಾಷೆ ಬರ್ದಿದ್ರೂ ನಂಗೆ ಗೊತ್ತಾಗ್ತಿತ್ತು."

ಡಾರ್ಲೀನಳಿಗೆ ಗಂಡನಿಂದ ವಿಚ್ಛೇದನವಾಗಿ ಇಪ್ಪತ್ತು ವರ್ಷವಾಗಿತ್ತು. ಅದನ್ನು ನಾನು ಅತ್ತೆಗೆ ಕೊನೆಯವರೆಗೂ ಹೇಳಲಿಲ್ಲ.

ಫೋನ್ ಇಟ್ಟು ಬಂದು ಎಲ್ಲವನ್ನೂ ಮಗಳಿಗೆ ಹೇಳಿದೆ. ಅವಳು ಬೆಂಚಿನಿಂದಲೇ, "ದೆನ್ ಲೆಟ್ಸ್ ಗೋ ಹೋಮ್ ಅಮ್ಮ. ಶಿ ಹ್ಯಾಸ್ ಓನ್ಲಿ ಸೆವೆನ್" ಎಂದಳು. ಅಳಲಿಲ್ಲ, ಸಿಡುಕಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದಳು. ಗ್ಲೌಸ್ ಇಲ್ಲದ್ದಕ್ಕೆ ಹೊರಡುತ್ತಿದ್ದೀಯಾ ಎಂದು ಕೇಳಿದೆ. "ನೋ. ಐ ವುಡ್ ಗೋ ಎನಿವೇ. ಯು ಸೆಡ್ ಶೂರ್ ಟು ಹರ್."

ಹೋದರೆ ಟ್ರಾವೆಲ್ ಟೀಮಿನ ಜಾಗ ಹೋಗುತ್ತದೆ. ನನ್ನವರು ತಲೆ ಕೆರೆದುಕೊಂಡು, "ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿಬಿಡೋಣ್ವಾ?" ಎಂದರು. ಎಂಥ ಮನೆ ನೋಡಿ ನಮ್ಮದು! ಒಬ್ಬಳು ಮಗಳಿಗೆ ಜ್ವರ ಬರಿಸಿದಳು, ಇವರು ಈಗ ತಾನೆ ಉಸ್ಲಿ ಹಂಚಿದ ತಾಯಿಯನ್ನು ಮಲಗಿಸಲು ಹೊರಟಿದ್ದರು. ಒಂದು ಕ್ಷಣ ನನಗೂ ಆಸೆಯಾಯಿತು, ಒಪ್ಪಿಕೊಳ್ಳುತ್ತೇನೆ. ಮೇಘನಾ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಸೆರಗು, ಅಲ್ಲ, ಸ್ವೆಟರ್ ಸರಿಮಾಡಿಕೊಂಡು ಕೋಚ್ ಹತ್ತಿರ ಹೋದೆ.

"ನಾಳೆ ನಾವು ಇರುವುದಿಲ್ಲ" ಎಂದೆ. "ಊರಿನ ತಂಡಕ್ಕೂ ಬರುತ್ತೇವೆ ಎಂದಿದ್ದೆ. ನಿಮಗೂ ಹೇಳಿದ್ದೆ. ಇಬ್ಬರಿಗೂ ಹೇಳಬಾರದಿತ್ತು. ತಪ್ಪು ನನ್ನದು, ಮಗಳದ್ದಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದರೆ ಅವಳ ಜಾಗ ಉಳಿಸೋಕೆ ನನ್ನಿಂದ ಆಗೋದಿಲ್ಲ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಎದುರಿಗೆ ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್. ಸುಮಾರು ಜನ ಹೇಳೋದಿಲ್ಲ" ಎಂದರು. ಇಲ್ಲ ಎಂದರೆ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದ ನನಗೆ ಅದೇ ಆಶ್ಚರ್ಯ.

ಆ ದಿನದ ಉಳಿದ ಆಟಗಳಿಗೆ ಮಗಳು ಬೆಂಚಿನ ಮೇಲೆ ಕುಳಿತು ಉಳಿದವರಿಗೆ ಚಪ್ಪಾಳೆ ತಟ್ಟಿದಳು. ಬರುತ್ತೇವೆಂದು ತಿಳಿಸಲು ಡಾರ್ಲೀನಳಿಗೆ ಎಷ್ಟು ಸಲ ಫೋನ್ ಮಾಡಿದರೂ ಲೈನ್ ಎಂಗೇಜ್. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ರಾಲಿ ಬಿಟ್ಟೆವು. ಎರಡು ಗಂಟೆಗೆ ಆರಾಮಾಗಿ ಮುಟ್ಟುತ್ತೇವೆ ಎಂದು ನನ್ನವರ ಲೆಕ್ಕ. ದಾರಿಯಲ್ಲಿ ಫ್ರೆಡರಿಕ್ಸ್‌ಬರ್ಗ್ ಎಂಬ ಊರಿನ ಹತ್ತಿರ ಯಾವುದೋ ಲಾರಿ ಮಗುಚಿ, ಕಾರುಗಳು ಮೈಲುಗಟ್ಟಲೆ ನಿಂತುಬಿಟ್ಟಿದ್ದವು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಮೇಘನಾ ಹಿಂದಿನ ಸೀಟಿನಲ್ಲಿಯೇ ಹಳದಿ ಅಂಗಿ ಹಾಕಿಕೊಂಡು, ಶೂ ಬಿಗಿದು, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಾನು ಅತ್ತೆಯ ದೇವರುಗಳನ್ನೆಲ್ಲ ಸಾಲಾಗಿ ಕರೆದೆ. ದೇವರಿಗಾದರೂ ನನ್ನ ಮೇಲೆ ಯಾಕೆ ಕರುಣೆ ಬರಬೇಕು ಎಂದೂ ಅನ್ನಿಸುತ್ತಿತ್ತು.

ಮೈದಾನ ಮುಟ್ಟಿದಾಗ ಮೂರು ಗಂಟೆ ಎಂಟು ನಿಮಿಷ. ಹತ್ತು ನಿಮಿಷ ಕಾಯುವುದು ಲೀಗಿನ ನಿಯಮ. ಅಂಪೈರ್ ಗಡಿಯಾರ ನೋಡುತ್ತ ನಿಂತಿದ್ದ. ಡಾರ್ಲೀನ್ ಮೈದಾನದ ನಡುವೆ ಮಂಡಿಯೂರಿ ಒಬ್ಬ ಹುಡುಗಿಯ ಶೂ ಲೇಸ್ ಕಟ್ಟುತ್ತಿದ್ದಳು. ಆಮೇಲೆ ಅಲ್ಲಿದ್ದ ತಾಯಿಯೊಬ್ಬಳು ಹೇಳಿದಳು. ಹಿಂದಿನ ದಿನವೆಲ್ಲ ಅವಳು ಎಂಟನೆಯ ಹುಡುಗಿಗಾಗಿ ಹತ್ತು ಮನೆಗೆ ಫೋನ್ ಮಾಡಿದ್ದಳಂತೆ, ಯಾರೂ ಸಿಗಲಿಲ್ಲವಂತೆ. ಮೂರು ಗಂಟೆಯಿಂದ ಏಳೂ ಹುಡುಗಿಯರ ಲೇಸನ್ನು ಒಬ್ಬೊಬ್ಬರದಾಗಿ ಬಿಚ್ಚಿ ಕಟ್ಟುತ್ತಿದ್ದಳಂತೆ. ಹದಿನಾಲ್ಕು ಶೂ. ಅದು ಹೊತ್ತು ತಳ್ಳುವ ಉಪಾಯ ಎಂದು ಅಂಪೈರಿಗೂ ಗೊತ್ತು. ಅವನು ಬೇಡವೆನ್ನಲಿಲ್ಲ.

ಮೇಘನಾ ಕಾರು ನಿಲ್ಲುವ ಮೊದಲೇ ಇಳಿದು ಓಡಿದಳು. ಆ ಏಳು ಹುಡುಗಿಯರು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಡಾರ್ಲೀನ್ ಎದ್ದು, ಬೆಂಚಿನ ಮೇಲಿದ್ದ ಗ್ಲೌಸ್ ತಂದು ಅವಳ ಬಲಗೈಗೆ ತಾನೇ ತೊಡಿಸಿದಳು. ಅಂಗೈಯಲ್ಲಿ ಅರಿಶಿನ, ಕುಂಕುಮ ಹಾಗೇ ಇತ್ತು.

"ಇದೇನು ಕೆಂಪಗೆ?" ಎಂದ ಅಂಪೈರ್.

"ಅವಳ ಅಜ್ಜಿಯ ಆಶೀರ್ವಾದ. ಆಟ ಶುರು ಮಾಡಿ" ಎಂದಳು ಡಾರ್ಲೀನ್.

ಆಮೇಲೆ ನನ್ನ ಕಡೆಗೆ ನಡೆದು ಬಂದಳು. ಎಲ್ಲರೆದುರು ಎರಡು ಮಾತು ಅಂದರೆ ಅನ್ನಿಸಿಕೊಳ್ಳಬೇಕು ಎಂದು ತಲೆ ತಗ್ಗಿಸಿ ನಿಂತೆ. ಅವಳು ತನ್ನ ಒರಟು ಅಂಗೈಯನ್ನು ನನ್ನ ಹಣೆಯ ಮೇಲಿಟ್ಟಳು. ಮಕ್ಕಳ ಜ್ವರ ನೋಡುತ್ತಾರಲ್ಲ, ಹಾಗೆ.

"ಜ್ವರ ಬಂದಿದ್ದು ನಿಮಗೇ ಅಂತ ಕಾಣುತ್ತೆ" ಎಂದಳು. "ಈಗ ಇಳಿದಿದೆ."

ನನಗೆ ಅಳು ತಡೆಯಲಾಗಲಿಲ್ಲ. ಅಲ್ಲಿಯೇ ಅತ್ತುಬಿಟ್ಟೆ. ಅವಳು ನನ್ನ ಬೆನ್ನು ತಟ್ಟಿ ಮಕ್ಕಳ ಕಡೆ ಓಡಿದಳು.

ಅವರ ಹನ್ನೊಂದು ರನ್ನಿಗೆ ನಮ್ಮದು ನಾಲ್ಕು, ಸೋತೆವು. ನಾಲ್ಕು! ಆ ವರ್ಷ ನಮ್ಮ ತಂಡ ಅಷ್ಟು ಹೊಡೆದದ್ದು ಅದೇ ಮೊದಲು. ಗೆದ್ದವರಿಗಿಂತ ಜೋರಾಗಿ ಕುಣಿದರು ಸೋತವರು. ಎಲ್ಲರೂ ಐಸ್ ಕ್ಯಾಂಡಿ ತಿನ್ನುತ್ತಿರುವಾಗ ನಾನು ಡಾರ್ಲೀನಳ ಹತ್ತಿರ ಕುಳಿತು ಕ್ಷಮೆ ಕೇಳಿದೆ. ಅವಳು ನಕ್ಕಳು. ನಗುವಿನ ಹಿಂದೆ ಹೇಳಬೇಕಾದ್ದನ್ನೂ ಹೇಳಿದಳು.

"ನೀವು ಬುಧವಾರವೇ 'ಇಲ್ಲ' ಅಂದಿದ್ದರೆ ನನಗೇನೂ ಬೇಜಾರಾಗುತ್ತಿರಲಿಲ್ಲ. ಅವತ್ತೇ ಇನ್ನೊಬ್ಬ ಹುಡುಗೀನ ಹುಡುಕ್ತಿದ್ದೆ. 'ಶೂರ್' ಅಂದಿರಿ, ಅದಕ್ಕೇ ಹುಡುಕಲಿಲ್ಲ."

ಇಷ್ಟೇ. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಹೂಂ ಎನ್ನುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಹೂಂ ನಂಬಿ ಏಳು ಮಕ್ಕಳು ಲೇಸ್ ಕಟ್ಟಿಸಿಕೊಂಡು ಕಾಯುತ್ತಾರೆ ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಮೇಘನಾ ಎರಡು ವರ್ಷದ ಮೇಲೆ ಬೇರೊಂದು ಟ್ರಾವೆಲ್ ಟೀಮ್ ಸೇರಿದಳು. ಸೇರುವ ಮೊದಲೇ ಎರಡೂ ಕಡೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಇಬ್ಬರು ಕೋಚ್‌ಗಳಿಗೂ ಹೇಳಿಬಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮರುವರ್ಷದ ಆಯುಧಪೂಜೆಯ ಹೊತ್ತಿಗೆ ಅತ್ತೆ ಮೈಸೂರಿಗೆ ವಾಪಸಾಗಿದ್ದರು. ಹಬ್ಬದ ಎರಡು ದಿನ ಮುಂಚೆ ಡಾರ್ಲೀನ್ ಫೋನ್ ಮಾಡಿ, "ಕಾರನ್ನು ನಿಂಬೆಹಣ್ಣಿನ ಮೇಲೆ ಹಾಯಿಸ್ತೀರಂತೆ, ಮೆಗ್ ಹೇಳಿದಳು. ದೊಡ್ಡ ಗಾಡಿಗೂ ಮಾಡ್ತೀರಾ?" ಎಂದು ಕೇಳಿದಳು. ನಾನು ಒಂದು ಗಳಿಗೆ ಯೋಚಿಸಿ, "ಮಾಡ್ತೀವಿ, ತಂದುಬಿಡಿ" ಎಂದೆ. ಹಬ್ಬದ ಸಂಜೆ ಕೊನೆಯ ಮಗುವನ್ನು ಇಳಿಸಿದ ಮೇಲೆ ಅವಳ ಬಸ್ ನಮ್ಮ ಬೀದಿಗೆ ಬಂತು. ಹಳದಿ ಬಸ್ಸಿಗೆ ಅರಿಶಿನ ಹಚ್ಚಿದ್ದು ಕಾಣಲೇ ಇಲ್ಲ, ಕುಂಕುಮವಷ್ಟೇ ಕಂಡಿತು. ಚಕ್ರಗಳ ಕೆಳಗೆ ಮೇಘನಾ ನಿಂಬೆಹಣ್ಣು ಇಟ್ಟಳು, ಎಡಗೈಯಲ್ಲಿ.

ಡಾರ್ಲೀನ್ ಈಗೆಲ್ಲಿದ್ದಾಳೋ ಗೊತ್ತಿಲ್ಲ. ನಾವು ಊರು ಬದಲಿಸಿದ ಮೇಲೆ ಕೆಲವು ವರ್ಷ ಕಾರ್ಡುಗಳು ಬಂದವು, ಆಮೇಲೆ ನಿಂತವು. ಅವಳು ನನ್ನ ಮಗಳಿಗೆ ಅವಳ ಕೈಯನ್ನು ವಾಪಸು ಕೊಟ್ಟಳು, ನನಗೆ ನನ್ನ ಮಾತನ್ನು. ಈಗಲೂ ಯಾರಾದರೂ ಏನಾದರೂ ಕೇಳಿದಾಗ 'ಖಂಡಿತ' ಎನ್ನುವುದು ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಆಗ ಆ ಒರಟು ಅಂಗೈ ಹಣೆಯ ಮೇಲೆ ಕುಳಿತ ಹಾಗಾಗುತ್ತದೆ. ಒಂದು ಗಳಿಗೆ ತಡೆದು, ಆಗುವುದಾದರೆ ಮಾತ್ರ ಹೂಂ ಎನ್ನುತ್ತೇನೆ.